ಹಾಲೋ ಬ್ಲಾಕಿನೊಳಗಿನ ಮೊಟ್ಟೆ

ಹುಣಸಮಾರನಹಳ್ಳಿಯ ಮನೆ ಹಿಂದಿನ ಹೊಲದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಲು ಹೊರಟಾಗ ಗಂಗರತ್ನಮ್ಮ ಮಗನಿಗೆ ಹಾಕಿದ್ದು ಒಂದೇ ಷರತ್ತು: ಮೂಲೆಯ ಹುತ್ತ ಮುಟ್ಟಬಾರದು. ಮಗ ಮಹೇಂದ್ರ ಹೂಂಗುಟ್ಟಿದ, ಜೆಸಿಬಿಯವನಿಗೆ ಹೇಳಲು ಮರೆತ. ಗೆದ್ದಲು ವರ್ಷಗಟ್ಟಲೆ ಕಟ್ಟಿದ್ದ ಮನೆ ಒಂದೇ ಏಟಿಗೆ ನೆಲಸಮವಾಯಿತು.

ಅಲ್ಲಿದ್ದ ನಾಗರಹಾವು ಪಾಯದ ಪಕ್ಕ ಪೇರಿಸಿಟ್ಟ ಸಿಮೆಂಟಿನ ಹಾಲೋ ಬ್ಲಾಕುಗಳ ತೂತುಗಳಲ್ಲಿ ಬಿಡಾರ ಹೂಡಿತು. ತಪ್ಪಾಯಿತೆಂದು ಗಂಗರತ್ನಮ್ಮ ದಿನಾ ಸಂಜೆ ಅಲ್ಲೊಂದು ಕೋಳಿಮೊಟ್ಟೆ ಇಟ್ಟು ಕೈಮುಗಿಯತೊಡಗಿದಳು. ಬೆಳಿಗ್ಗೆ ಮೊಟ್ಟೆ ಇರುತ್ತಿರಲಿಲ್ಲ. ತಿಂದದ್ದು ನಾಗಪ್ಪನೋ ಯಾವುದೋ ಮುಂಗುಸಿಯೋ, ನೋಡಿದವರ್ಯಾರು! ಹಾವು ಹಿಡಿಯುವವರನ್ನು ಕರೆಸೋಣ ಎಂದ ಸೊಸೆ ದಿವ್ಯಳ ಬಾಯಿಯನ್ನು ಅತ್ತೆ ಒಂದೇ ನೋಟದಲ್ಲಿ ಮುಚ್ಚಿಸಿದ್ದಳು.

ಇವತ್ತು ಸಂಜೆ ಅಡುಗೆಮನೆಯಲ್ಲಿ ಮೊಟ್ಟೆಯೂ ಇರಲಿಲ್ಲ, ಮೊಮ್ಮಗಳು ಮೋನಿಷಾಳೂ ಇರಲಿಲ್ಲ. ಗಂಗರತ್ನಮ್ಮ ಮನೆ ಹಿಂದಕ್ಕೆ ಓಡಿದಳು. ಕೆಲಸದವರೆಲ್ಲ ಹೊರಟುಹೋಗಿದ್ದರು.

ಆರು ವರ್ಷದ ಹುಡುಗಿ ಕೆಳಗಿನ ಬ್ಲಾಕಿನ ಮೇಲೆ ಹತ್ತಿ ನಿಂತು, ಮೊಳಕೈವರೆಗೂ ಒಂದು ತೂತಿನೊಳಗೆ ಕೈ ತೂರಿಸಿದ್ದಳು. ಅವಳ ಭಾರಕ್ಕೆ ಸಾಲು ಜರುಗಿ, ಒಂದರ ಹಿಂದೊಂದಿದ್ದ ಬ್ಲಾಕುಗಳ ತೂತುಗಳು ಓರೆಯಾಗಿ ಕಂಡಿ ಕಿರಿದಾಗಿತ್ತು. ಮೊಟ್ಟೆ ಹಿಡಿದ ಮುಷ್ಟಿ ಹಿಂದಕ್ಕೆ ಬರುತ್ತಿರಲಿಲ್ಲ.

"ಅಜ್ಜಿ, ಕೈ ಸಿಕ್ಕಾಕೊಂಡಿದೆ."

ಬ್ಲಾಕು ಎತ್ತೋಣವೆಂದರೆ ಮೇಲಿನ ಸಾಲುಗಳು ಮಗುವಿನ ಮೇಲೇ ಬೀಳುತ್ತವೆ. ಅಷ್ಟರಲ್ಲಿ ಪಕ್ಕದ ತೂತಿನಿಂದ ಇಣುಕುತ್ತಿದ್ದ ಗೋಧಿಬಣ್ಣದ ಬಾಲ ನಿಧಾನವಾಗಿ ಒಳಕ್ಕೆ ಸರಿಯಿತು. ಕೂಗಿದರೆ ಮಗು ಒದ್ದಾಡುತ್ತದೆ, ಒದ್ದಾಡಿದರೆ ಮುಗಿಯಿತು.

"ಮೊಟ್ಟೆ ಬಿಟ್ಬಿಡು ಮಗಾ. ಕೈ ಸಡ್ಲ ಮಾಡಿ ಎಳ್ಕೊ."

"ಒಡೆದೋಗತ್ತೆ."

"ಒಡೀಲಿ."

"ಒಡೆದ್ರೆ ನಾಗಪ್ಪಂಗೆ ಕೋಪ ಬರತ್ತೆ, ಕಚ್ತಾನೆ ಅಂತ ನೀನೇ ಹೇಳಿದ್ದಲ್ವಾ?" ಮಗು ಮುಷ್ಟಿಯನ್ನು ಇನ್ನಷ್ಟು ಬಿಗಿಮಾಡಿತು.

ಹೇಳಿದ್ದಳು, ಪುಣ್ಯಾತ್ಗಿತ್ತಿ. ಮಗು ಆಸೆಯಿಂದ ಮೊಟ್ಟೆ ಕೈಗೆತ್ತಿಕೊಂಡಾಗಲೆಲ್ಲ ಕಣ್ಣರಳಿಸಿ ಅದನ್ನೇ ಹೇಳಿದ್ದಳು.

"ನಾನು ತಪ್ಪುಕಾಣಿಕೆ ಆಕ್ತೀನಿ, ನಿಂಗೇನೂ ಮಾಡಲ್ಲ. ಬಿಡು."

"ಊಹೂಂ."

ಒಳಗಿನಿಂದ ಬುಸ್ಸೆಂಬ ಸದ್ದು ಬಂತು. ಮಗುವಿನ ಕಣ್ಣು ಅಗಲವಾಯಿತು. "ಅಜ್ಜಿ, ನಾಗಪ್ಪ ಬಂದ. ಅವನ ಬಾಯಿಗೇ ಕೊಡ್ಲಾ?"

ಬುದ್ಧಿ ಬಂದಾಗಿನಿಂದ ಹುತ್ತಕ್ಕೆ ಹಾಲಿನ ತನಿ ಎರೆದವಳು ಗಂಗರತ್ನಮ್ಮ. ನಾಗಪ್ಪನ ಹೆಸರನ್ನು ಚಪ್ಪಲಿ ಮೆಟ್ಟಿಕೊಂಡು ಹೇಳಿದವಳಲ್ಲ. ಈಗ ಬಗ್ಗಿ, ಮಗುವಿನ ಕಿವಿಯ ಹತ್ತಿರ ಬಾಯಿ ತಂದಳು.

"ಕೇಳಿಲ್ಲಿ. ಅದು ದ್ಯಾವ್ರಲ್ಲ. ಬರೀ ಆವು. ಅದಕ್ಕೆ ಕೋಪ ಗೀಪ ಏನೂ ಇಲ್ಲ. ನಾನು ಸುಳ್ಳು ಏಳಿದ್ದೆ. ಬಿಡು."

ಮಗು ಅವಳ ಮುಖವನ್ನೇ ನೋಡಿತು. ಅಜ್ಜಿ ಕಣ್ಣು ತಗ್ಗಿಸಲಿಲ್ಲ. ಒಳಗೆ ಪಟಕ್ಕೆಂದಿತು. ಲೋಳೆ ಮೆತ್ತಿದ ಕೈ ಜಾರಿ ಹೊರಬಂದದ್ದೇ ತಡ, ಗಂಗರತ್ನಮ್ಮ ಮಗುವನ್ನು ಬಾಚಿಕೊಂಡು ಮನೆಯತ್ತ ಓಡಿದಳು.

ನಲ್ಲಿಯ ಕೆಳಗೆ ಕೈ ತೊಳೆದು ಒಂದೊಂದೇ ಬೆರಳು ತಿರುಗಿಸಿ ನೋಡಿದಳು. ಸಿಮೆಂಟು ತರಚಿದ ಗೆರೆ ಬಿಟ್ಟರೆ ಏನೂ ಇರಲಿಲ್ಲ. ಆಗ ಅವಳಿಗೆ ಅಳು ತಡೆಯಲಾಗಲಿಲ್ಲ.

"ಅಜ್ಜಿ, ಬರೀ ಹಾವಾದ್ರೆ ದಿನಾ ಯಾಕೆ ಕೈಮುಗೀತಿದ್ದೆ?"

"ಭಯಕ್ಕೆ ಕಣಮ್ಮ," ಎಂದಳು ಗಂಗರತ್ನಮ್ಮ. "ಇವತ್ತು ಅದಕ್ಕಿಂತ ದೊಡ್ ಭಯ ಆಗೋಯ್ತು."