ಮೊಳೆಯ ಮೇಲಿನ ಅಂಗಿ

"ಯಾವನದೇ ಈ ಅಂಗಿ?"

ಒಂಟಿ ಹೆಂಗಸರ ಮಾಸಾಶನದ ತನಿಖೆಗೆ ಬಂದಿದ್ದ ಸಾಹೇಬ, ಮೊಳೆಗೆ ನೇತುಹಾಕಿದ್ದ ಅಂಗಿಯನ್ನು ಪೆನ್ನಿನ ತುದಿಯಲ್ಲಿ ಎತ್ತಿ ಅವಳ ಮುಖದ ಮುಂದೆ ಹಿಡಿದಿದ್ದ. ಅಷ್ಟರಲ್ಲಿ ಮಂಚದ ಕೆಳಗೆ ಬಗ್ಗಿ ಗಂಡಸಿನ ಚಪ್ಪಲಿ ಹುಡುಕಿದ್ದಾಗಿತ್ತು, ಕನ್ನಡಿಯ ಹಿಂದೆ ಕೈಹಾಕಿ ಬ್ಲೇಡು ತಡಕಿದ್ದಾಗಿತ್ತು. ಮನೆಯಲ್ಲಿ ಗಂಡಸಿದ್ದರೆ ಮಾಸಾಶನವಿಲ್ಲ. ಹೆಂಗಸರ ಏಳಿಗೆಗೆಂದೇ ಮಾಡಿದ ಕಾನೂನಂತೆ. ಏಳಿಗೆ ಮಂಚದ ಕೆಳಗಿಂದಲೇ ಶುರುವಾಗಬೇಕೇನೋ!

"ನನ್ನ ಮಗಂದು," ಎಂದಳು ಮೂಲೆಯಲ್ಲಿ ಕೂತಿದ್ದ ಅವಳ ಅತ್ತೆ.

"ನಿನ್ನ ಮಗ ಸತ್ತು ನಾಲ್ಕು ವರ್ಷ ಆಯ್ತು. ಅಂಗಿ ಇನ್ನೂ ಒದ್ದೆ ಇದೆ. ಸತ್ತೋನು ಬೆವರ್ತಾನೇನೇ ಮುದುಕಿ?"

ಬಾಗಿಲಲ್ಲಿ ಜಮಾಯಿಸಿದ್ದ ಓಣಿಯವರು ಕಿಸಕ್ಕನೆ ನಕ್ಕರು. ಶಾಲೆಯ ಬಟ್ಟೆಯಲ್ಲಿದ್ದ ಮಗಳು ನೆಲ ನೋಡುತ್ತ ನಿಂತಳು.

ಸೊಸೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಗಾರೆ ಕೆಲಸದಲ್ಲಿ ಬಾಂಡ್ಲಿ ಎತ್ತಿ ತಲೆಗಿಟ್ಟರೆ ಸಾಕು, ಮೇಸ್ತ್ರಿಯ ಕಣ್ಣು ಎದೆಯ ಮೇಲೆ. ಅದಕ್ಕೇ ಬಟ್ಟೆಯ ಮೇಲೆ ಗಂಡನ ಹಳೇ ಅಂಗಿ ತೊಡುತ್ತಿದ್ದಳು. ಅದನ್ನಾದರೂ ಹೇಳಬಹುದು. ಆದರೆ ತನ್ನ ಬೆವರಿನ ಮಾತನ್ನು ಊರ ಮುಂದೆ ಹೇಗೆ ಆಡುವುದು? ಹಿಂದೊಮ್ಮೆ ಮಗಳು ಮೂಗು ಮುಚ್ಚಿಕೊಂಡಿದ್ದನ್ನು ಕಂಡಾಗಿನಿಂದ, ಕೆಲಸದಿಂದ ಬಂದವಳೇ ಮೈ ಕೆಂಪಾಗುವಂತೆ ಸೋಪು ತಿಕ್ಕುತ್ತಿದ್ದಳು. ಇವತ್ತು ಅಂಗಿ ಕಳಚಿ, ಇನ್ನೂ ನೀರು ಮುಟ್ಟುವ ಮೊದಲೇ ಈ ಸಾಹೇಬ ಒಳಗೆ ನುಗ್ಗಿದ್ದ.

"ನಂದೇ ಸಾ... ಕೆಲ್ಸಕ್ಕೆ ಹಾಕ್ಕೊಂತೀನಿ."

ಅವನು ಅಂಗಿಯ ಕಂಕುಳು ಮೂಸಿ ಮುಖ ಕಿವುಚಿದ. "ಯಾರ ಕಿವಿಗೆ ಹೂವಿಡ್ತೀಯ? ಇದು ಗಂಡ್ಸಿನ ಬೆವರು. ನಿನ್ನ ಮಿಂಡನ ಹೆಸರು ಹೇಳು, ಬರ್ಕೊಂತೀನಿ."

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದಳು ಅತ್ತೆ.

ಸಾಹೇಬ ಕೇಳಿಸಿಕೊಳ್ಳಲೇ ಇಲ್ಲ. ಅಂಗಿಯನ್ನು ಮಂಚದ ಮೇಲೆ ಬಿಸಾಕಿ, ಕಾಗದದ ಮೇಲೆ ಪೆನ್ನೂರಿದ. ಆ ಮಾಸಾಶನ ನಿಂತರೆ ಮಗಳ ಓದು ನಿಂತಂತೆಯೇ. ಬಾಂಡ್ಲಿ ಆ ಹುಡುಗಿಯ ತಲೆಗೂ ಬರುತ್ತದೆ.

ಅವಳು ಅಂಗಿ ಎತ್ತಿಕೊಂಡು ಎಲ್ಲರೆದುರೇ ತೊಟ್ಟಳು. ಗುಂಡಿ ಹಾಕಿದಳು. ನೇರ ಸಾಹೇಬನ ಹತ್ತಿರ ಹೋಗಿ ತೋಳೆತ್ತಿ, ಕಂಕುಳನ್ನು ಅವನ ಮೂಗಿಗೆ ಹಿಡಿದಳು.

"ಮೂಸು. ಬೆಳಗಿಂದ ಮುನ್ನೂರು ಬಾಂಡ್ಲಿ ಹೊತ್ತಿದೀನಿ. ಸರಿಯಾಗಿ ಮೂಸಿ ಬರ್ಕೊಳೋ, ಹಲ್ಕಾ ನನ್ಮಗನೆ!"

ಸಾಹೇಬ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡ. ಬಾಗಿಲಲ್ಲಿ ಯಾರೂ ನಗಲಿಲ್ಲ. ನಾಚಿಕೆಯಿಂದ ಅವಳ ಮುಖ ಕಿವಿಯ ತನಕ ಉರಿಯುತ್ತಿತ್ತು, ಮಗಳ ಕಡೆ ತಿರುಗಲು ಧೈರ್ಯವಿರಲಿಲ್ಲ. ಎತ್ತಿದ ತೋಳನ್ನು ಮಾತ್ರ ಅವಳು ಇಳಿಸಲಿಲ್ಲ.