ಕುಡಿಯುವ ನೀರಿನ ಸುದ್ದಿ

ಮಧ್ಯಾಹ್ನದ ವಾರ್ತೆಗೆ ಇನ್ನೂ ಹೊತ್ತಿತ್ತು. ಆದರೂ ವಾರ್ತಾವಾಚಕಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಗರದ ಕುಡಿಯುವ ನೀರಿಗೆ ಕಾರ್ಖಾನೆಯ ರಾಸಾಯನಿಕ ಸೇರಿದೆಯೆಂದು ಎರಡು ಪ್ರಯೋಗಾಲಯಗಳು ಖಚಿತಪಡಿಸಿದ್ದವು. ಖಾಸಗಿ ಚಾನೆಲ್‌ಗಳು ತುಟಿ ಬಿಚ್ಚಿರಲಿಲ್ಲ. ಆ ಕಾರ್ಖಾನೆಯ ಜಾಹೀರಾತು ಅವರಿಗೆಲ್ಲ ಬೇಕಿತ್ತು. ಅವಳು ಕೆಲಸ ಮಾಡುವ ಸಾರ್ವಜನಿಕ ರೇಡಿಯೋಗೆ ಆ ಹಂಗಿರಲಿಲ್ಲ. ಆದರೆ ನಿರ್ದೇಶಕರ ಮೇಜಿನ ಫೋನು ಬೆಳಿಗ್ಗೆಯಿಂದ ಬಡಿದುಕೊಳ್ಳುತ್ತಲೇ ಇತ್ತು.

ಅಷ್ಟರಲ್ಲಿ ಅವಳ ತಮ್ಮ ಬಂದ. ನೀರು ಸರಬರಾಜು ಇಲಾಖೆಯ ವಕ್ತಾರ ಅವನು. ಕಾರಿಡಾರಿನಲ್ಲೇ ಅಡ್ಡ ನಿಂತ.

"ಅಕ್ಕ, ಒಂದು ವಾರ ತಡಿ. ಜನ ಗಾಬರಿಯಾಗ್ತಾರೆ."

"ಅಲ್ಲೀತನಕ ಅದೇ ನೀರು ಕುಡೀಲಿ ಅಂತೀಯಾ?"

"ಮೇಲಿನೋರು ಹೇಳಿ ಕಳ್ಸಿದ್ದಾರೆ ಕಣಕ್ಕ. ನನ್ನ ಕೆಲಸಕ್ಕೇ ಕುತ್ತು ಬರತ್ತೆ."

"ಮನೇಲಿ ನಿನ್ನ ಮಗಳು ಪುಟ್ಟಿಗೆ ಯಾವ ನೀರು ಕೊಡ್ತಿದೀಯ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಕ್ಯಾನ್ ನೀರು ತರಿಸ್ತಿದೀನಿ."

ಅವಳು ಸೀದಾ ನಿರ್ದೇಶಕರ ಕೋಣೆಗೆ ಹೋದಳು.

"ಇಲಾಖೆಯೋರನ್ನ ಕೇಳಿದ್ರಾ?" ಎಂದರು ಅವರು.

"ಹೊರಗೇ ನಿಂತಿದಾರೆ ಸಾರ್. ನನ್ನ ತಮ್ಮ."

ನಿರ್ದೇಶಕರು ಹಣೆ ಒರೆಸಿಕೊಂಡರು. "ತಮ್ಮ ಅನ್ನೋದನ್ನ ಕೇಳುಗರಿಗೆ ಮೊದಲೇ ಹೇಳಿಬಿಡಿ. ಅವರ ಮಾತೂ ಬರ್ಲಿ." ಫೋನು ಮತ್ತೆ ಹೊಡೆದುಕೊಂಡಿತು. ಅವರು ಎದ್ದರು. "ಯಾರಾದ್ರೂ ಕೇಳಿದ್ರೆ ನಾನು ಶೌಚಾಲಯಕ್ಕೆ ಹೋಗಿದೀನಿ. ಹೊಟ್ಟೆ ಸರಿಯಿಲ್ಲ. ವಾರ್ತೆ ಮುಗಿಯೋತನಕ ಸರಿಹೋಗಲ್ಲ."

ಅವಳು ತಮ್ಮನನ್ನು ಸ್ಟುಡಿಯೋದಲ್ಲಿ ಎದುರಿಗೆ ಕೂರಿಸಿಕೊಂಡು ಸುದ್ದಿ ಓದಿದಳು. ಎದುರಿಗಿರುವ ವಕ್ತಾರರು ತನ್ನ ಸ್ವಂತ ತಮ್ಮನೆಂದೂ ಹೇಳಿದಳು. ಅವನು ತಂದಿದ್ದ ಹೇಳಿಕೆಯನ್ನು ಒಂದೇ ಉಸಿರಿಗೆ ಒಪ್ಪಿಸಿದ: ಎಲ್ಲವೂ ಪರಿಶೀಲನೆಯಲ್ಲಿದೆ, ಆತಂಕಪಡುವ ಅಗತ್ಯವಿಲ್ಲ.

"ನಿಮ್ಮ ಮನೆಯಲ್ಲಿ ಈ ನೀರು ಕುಡಿಯುತ್ತಿದ್ದೀರಾ?"

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಗಾಜಿನಾಚೆ ತಂತ್ರಜ್ಞ, ಏನಾದರೂ ಮಾತಾಡಿ ಎಂದು ಕೈ ಬೀಸತೊಡಗಿದ. ಅವಳು ಮೈಕನ್ನು ತಮ್ಮನ ಕಡೆಗೆ ಇನ್ನಷ್ಟು ಸರಿಸಿದಳು.

"ಇಲ್ಲ," ಎಂದ ತಮ್ಮ. "ನೀವೂ ಕುಡೀಬೇಡಿ. ಕುದಿಸಿದ್ರೂ ಹೋಗಲ್ಲ ಅದು."

ಸಂಜೆಯೊಳಗೆ ಬೀದಿಬೀದಿಗೆ ಟ್ಯಾಂಕರ್ ಬಂತು. ಮರುದಿನ ಕಾರ್ಖಾನೆಯ ಕೊಳವೆಗೆ ಬೀಗಮುದ್ರೆ ಬಿತ್ತು. ಖಾಸಗಿ ಚಾನೆಲ್‌ಗಳೂ ಈಗ ಗಂಟಲು ಹರಿದುಕೊಂಡವು. ನಿರ್ದೇಶಕರಿಗೆ ವರ್ಗವಾಯಿತು. ತಮ್ಮನನ್ನು ಅಮಾನತು ಮಾಡಿದರು.

ಅಮ್ಮ ಅವಳಿಗೆ ಊಟ ಬಡಿಸುತ್ತಾ ಕೇಳಿದಳು: "ಅವನನ್ನ ಬೇಕಂತಲೇ ಸಿಕ್ಕಿಸಿದೆಯೇನೇ?"

"ಕೇಳೋದು ನನ್ನ ಕೆಲಸ ಅಮ್ಮ."

"ಉತ್ತರ ನಿಂಗೆ ಮೊದಲೇ ಗೊತ್ತಿತ್ತಲ್ಲ."

ಅವಳು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟಳು. ಗೊತ್ತಿತ್ತು, ನಿಜ. ತಮ್ಮ ಅಕ್ಕನೆಂದು ನಂಬಿ ಹೇಳಿದ್ದನ್ನು ಊರಿಗೆಲ್ಲ ಹೇಳಿಸಿದ್ದಳು. ಕೇಳದೆ ಬಿಟ್ಟಿದ್ದರೆ ಎಷ್ಟು ಮನೆಗಳ ಮಕ್ಕಳು ಆ ನೀರು ಕುಡಿಯುತ್ತಿದ್ದರೋ. ಎರಡನ್ನೂ ತೂಗಿ ನೋಡಿದಳು, ಯಾವುದೂ ಹಗುರಾಗಲಿಲ್ಲ.

ತಮ್ಮ ಬಹಳ ದಿನ ಮಾತು ಬಿಟ್ಟ. ಕೊನೆಗೊಮ್ಮೆ ಅವನೇ ಫೋನ್ ಮಾಡಿದ.

"ನಾಳೆ ನನ್ನ ವಿಚಾರಣೆ. ರೇಡಿಯೋದಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳ್ತೀನಿ. ಸುದ್ದಿ ಮಾಡೋದಾದ್ರೆ ಬೇರೆ ಯಾರನ್ನಾದ್ರೂ ಕಳ್ಸು."

"ಆಯ್ತು ಕಣೋ," ಎಂದಳು. "ವಿಚಾರಣೆ ಮುಗಿದ ಮೇಲೆ ಮನೆಗೆ ಬರ್ತೀಯಾ?"

"ನೋಡೋಣ," ಎಂದ.