ಹಳೆಯ ಬಾವಿ, ಜೇಡಿಮಣ್ಣಿನ ಕಾವಲು

ಬಾಗಲಗುಂಟೆಯ ಚಿಕ್ಕಬೈರಪ್ಪನವರ ಹಿತ್ತಿಲಲ್ಲೊಂದು ಹಳೆಯ ಬಾವಿ. ನೀರು ಬತ್ತಿ ಹತ್ತು ವರ್ಷವಾಗಿತ್ತು. ಅದನ್ನು ಮುಚ್ಚಿ ಬಾಡಿಗೆ ಮನೆ ಎಬ್ಬಿಸಬೇಕೆಂಬುದು ಅವರ ಆಸೆ. ಲೋಹದ ಸಾಮಾನಿಗೆ ಲೇಪನ ಹಾಕುವ ಪ್ಲೇಟಿಂಗ್ ಕಾರ್ಖಾನೆಯೊಂದರವರು, "ನಮ್ಮ ಹಸಿರು ಕೆಸರು ಪುಕ್ಕಟೆ ತುಂಬಿಸಿಕೊಡ್ತೀವಿ" ಎಂದಿದ್ದರು. ನಾಳೆ ಬೆಳಿಗ್ಗೆ ಟ್ರ್ಯಾಕ್ಟರ್ ಬರಲಿತ್ತು.

ಸುದ್ದಿ ತಿಳಿದು, ಮಹಡಿಯ ಬಾಡಿಗೆಮನೆಯ ಶ್ಯಾಮಲಾ ಕೆಳಗಿಳಿದು ಬಂದಳು. ಅವಳು ಮಣ್ಣು ಪರೀಕ್ಷಿಸುವ ಲ್ಯಾಬಿನವಳು.

"ತಾತ, ಅದು ವಿಷ. ಪಕ್ಕದಲ್ಲೇ ನಮ್ಮ ಬೋರ್‌ವೆಲ್ ಇದೆ."

"ಸುಮ್ಕಿರವ್ವ. ಭೂಮ್ತಾಯಿ ಎಲ್ಲಾನೂ ಅರಗಿಸ್ಕೋತಾಳೆ. ಅಣು ಸ್ಥಾವರದ ಕಸಾನೇ ಹೂಳ್ತಾರಂತೆ!"

"ಸುಮ್ನೆ ಹೂಳಲ್ಲ ತಾತ. ಗಾಜಿನ ಜೊತೆ ಕರಗಿಸಿ, ಉಕ್ಕಿನ ಡಬ್ಬಿಗೆ ತುಂಬಿ, ನೂರಾರು ಮೀಟರ್ ಆಳದ ಬಂಡೆಯೊಳಗೆ ಇಡ್ಬೇಕು ಅಂತಾರೆ ವಿಜ್ಞಾನಿಗಳು. ಡಬ್ಬಿ ಸುತ್ತ ಜೇಡಿಮಣ್ಣಿನ ಗೋಡೆ. ಆ ಮಣ್ಣನ್ನೇ ನಾವು ಪರೀಕ್ಷೆ ಮಾಡ್ತಿರೋದು."

"ಇಷ್ಟೆಲ್ಲ ಮಾಡಿ, ಕೊನೆಗೆ ಕಾವಲಿಗೆ ಮಣ್ಣಾ?" ಚಿಕ್ಕಬೈರಪ್ಪ ನಕ್ಕುಬಿಟ್ಟರು.

"ಓದಿರೋ ಮಗ ಯೋಳ್ತದೆ, ಒಸಿ ಕೇಳ್ರೀ" ಎಂದರು ಹೆಂಡತಿ ಪಿಳ್ಳಮ್ಮ.

ಶ್ಯಾಮಲಾ ತಳ ತೂತಾದ ಎರಡು ಲೋಟ ತಂದಳು. ಒಂದಕ್ಕೆ ಹಿತ್ತಿಲ ಮಣ್ಣು, ಇನ್ನೊಂದಕ್ಕೆ ಲ್ಯಾಬಿನ ಜೇಡಿಪುಡಿ ಒತ್ತಿ ತುಂಬಿದಳು. ಎರಡಕ್ಕೂ ನೀರು ಹೊಯ್ದಳು. ಹಿತ್ತಿಲ ಮಣ್ಣಿನಿಂದ ನೀರು ತೊಟ್ಟಿಕ್ಕಿತು. ಜೇಡಿ ಮಾತ್ರ ನೀರು ಕುಡಿದು ಉಬ್ಬಿ, ತನ್ನ ಸಂದುಗಳನ್ನು ತಾನೇ ಮುಚ್ಚಿಕೊಂಡಿತು. ಒಂದು ಹನಿಯೂ ಬೀಳಲಿಲ್ಲ.

ಚಿಕ್ಕಬೈರಪ್ಪ ಜೇಡಿಯ ಲೋಟವನ್ನೆತ್ತಿ ಅದರ ತಳ ಮುಟ್ಟಿ ನೋಡಿದರು.

"ಕೆರೆ ಏರಿ ಒಟ್ಟೇಗೆ ನಮ್ಮಪ್ಪ ಜೇಡೀನೇ ತುಂಬ್ತಿದ್ದ. ಎತ್ತು ಒಡ್ದು ತುಳ್ಸಿದೋನು ನಾನೇ. ಯಾವ ಮಣ್ಣು ಸೋರ್ತದೆ ಅಂತ ಗೊತ್ತಿದ್ದೂ ಇಂಗಾಡ್ದೆ... ಅಂಗಾರೆ ಬಾವಿಗೂ ಜೇಡಿ ಮೆತ್ಬುಡನಾ?"

"ಅದು ಮನೆಯಲ್ಲಿ ಮಾಡೋ ಕೆಲ್ಸ ಅಲ್ಲ ತಾತ. ಇಂಥ ಕೆಸರಿಗೆ ಸರ್ಕಾರ ಒಪ್ಪಿದ ಜಾಗ ಇದೆ. ತಳಕ್ಕೆ ಜೇಡಿ ಹಾಸಿ ಕಟ್ಟಿರ್ತಾರೆ. ಕಾರ್ಖಾನೆಯವ್ರು ಅಲ್ಲಿಗೇ ಕಳಿಸ್ಬೇಕು."

ಪಿಳ್ಳಮ್ಮನ ದನಿ ತಗ್ಗಿತು. "ಬಾಣಂತನ ಮುಗ್ಸಿ ಸೊಸೆ ಗಂಗೆ ಪೂಜೆ ಮಾಡಿದ್ದು ಇದೇ ಬಾವೀಲಿ ಕಣ್ರೀ. ಅದ್ರ ಬಾಯ್ಗೆ ವಿಷ ಆಕ್ತೀರಾ?"

ಬೆಳಿಗ್ಗೆ ಟ್ರ್ಯಾಕ್ಟರ್ ಬಂದಾಗ ಚಿಕ್ಕಬೈರಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಬಾವಿಗೆ ಬೆನ್ನು ಕೊಟ್ಟು ನಿಂತಿದ್ದರು.

"ತಿರುಗ್ಸಪ್ಪ ಗಾಡೀನ. ಪಕ್ಕದ ಬೋರು ನಾಕು ಮನೆ ಕುಡ್ಯೋ ನೀರು."

ಬಾಡಿಗೆ ಮನೆ ಏಳಲಿಲ್ಲ. ಆ ಮಳೆಗಾಲ ಮಾಳಿಗೆಯ ನೀರು ಪೈಪಿನಲ್ಲಿ ಬಾವಿಗಿಳಿಯಿತು. ಪಿಳ್ಳಮ್ಮ ಅದರ ಕಟ್ಟೆಗೆ ಅರಿಶಿನ ಕುಂಕುಮವಿಟ್ಟರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬಾವಿಯನ್ನೋ ಗುಂಡಿಯನ್ನೋ ಪುಕ್ಕಟೆ ತುಂಬಿಸಿಕೊಡುತ್ತೇವೆಂದು ಯಾರಾದರೂ ಬಂದರೆ, ಗಾಡಿಯಲ್ಲಿ ಏನಿದೆ ಎಂದು ಕೇಳಿ. ಕಾರ್ಖಾನೆಯ ಕೆಸರಾದರೆ ಹಿಂದಕ್ಕೆ ಕಳಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ. ಭೂಮಿತಾಯಿ ಎಲ್ಲವನ್ನೂ ಹೊರುತ್ತಾಳೆ ನಿಜ. ಆದರೆ ಅವಳ ಮಡಿಲಿಗೆ ಕಾವಲಿಲ್ಲದೆ ಹಾಕಿದ ವಿಷ, ನಮ್ಮ ಮಕ್ಕಳ ಲೋಟಕ್ಕೇ ಬಂದು ಸೇರುತ್ತದೆ.